ಟವೆಲ್ ಹಾಕಿದ ಸೀಟು

2019ರ ಜೂನ್ ತಿಂಗಳು. ರಾತ್ರಿ ಎಂಟೂವರೆ ಇರಬೇಕು. ಸಿಂಧನೂರಿನ ಒಂದು ಸೈಬರ್ ಸೆಂಟರಿನಿಂದ ಒಬ್ಬರು ಫೋನ್ ಮಾಡಿದರು. ಮಗನ ಹಾಸ್ಟೆಲ್ ಅರ್ಜಿಗೆ ಅಂದೇ ಕಡೆಯ ದಿನ. “ರೊಕ್ಕ ಕಟ್ ಆಗ್ಯಾವ್ರೀ, ರಸೀದಿ ಬಂದಿಲ್ರೀ. ಚಕ್ರ ತಿರುಗಕತ್ತದ ನೋಡ್ರಿ, ನಿಂದ್ರವಲ್ದು” ಎಂದರು. ಫೋನ್ ಎತ್ತಿದ್ದು ನಮ್ಮ ತಂಡಕ್ಕೆ ಸೇರಿ ಐದು ತಿಂಗಳಾಗಿದ್ದ ಹುಡುಗಿ. ಸ್ಪೀಕರ್ ಹಾಕಿದ್ದಳು, ಹಾಗಾಗಿ ನನಗೂ ಕೇಳಿಸಿತು. ನಾನು ಕತ್ತೆತ್ತಲಿಲ್ಲ. ನನ್ನ ಸ್ಕ್ರೀನಿನ ಮೇಲೆ ಕೆಂಪು ಸಾಲುಗಳು ಒಂದರ ಹಿಂದೆ ಒಂದು ಓಡುತ್ತಿದ್ದವು.

ಆ ರಾತ್ರಿ ಏನಾಯಿತು, ನಾನೇನು ಮಾಡಿದೆ, ಆಮೇಲೆ ಏನು ಬರೆದೆ, ಏನನ್ನು ಬರೆಯದೇ ಬಿಟ್ಟೆ ಎಂಬುದನ್ನು ಇಷ್ಟು ವರ್ಷಗಳಲ್ಲಿ ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ತಾಂತ್ರಿಕ ಭಾಗವನ್ನು ಸಭೆಗಳಲ್ಲಿ ಹೇಳಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಉಳಿದದ್ದು ಇಲ್ಲಿದೆ.

ನಾವು ಬೆಂಗಳೂರಿನಲ್ಲಿ ಕಾಲೇಜುಗಳಿಗೆ ಪ್ರವೇಶದ ತಂತ್ರಾಂಶ ಮಾಡಿಕೊಡುತ್ತಿದ್ದ ಸಣ್ಣ ತಂಡ. ಬಳಸುತ್ತಿದ್ದದ್ದು ಜ್ಯಾಂಗೋ ಫ್ರೇಮ್‌ವರ್ಕ್, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಜ್ಯಾಂಗೋ ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ. 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಸುದ್ದಿಮನೆಯ ಗಡುವಿಗೆ ತಕ್ಕ ಹಾಗೆ ಬೇಗ ಕೆಲಸ ಮುಗಿಸಿಕೊಡುವುದು ಅದರ ಗುಣ. ಡೇಟಾಬೇಸಿನ ಬಾಗಿಲು ತಟ್ಟುವುದು, ಗುರುತು ಹೇಳುವುದು, ಒಳಗೆ ಹೋಗುವುದು, ಬರುವಾಗ ಮುಚ್ಚಿಕೊಂಡು ಬರುವುದು, ಎಲ್ಲವನ್ನೂ ಅದೇ ಮಾಡುತ್ತದೆ. ನೀವು ‘ವಿದ್ಯಾರ್ಥಿಗಳನ್ನು ಕೊಡು’ ಎಂದು ಒಂದು ಸಾಲು ಬರೆದರೆ ಸಾಕು. ಹತ್ತು ವರ್ಷ ನಾನು ಹೊಸಬರಿಗೆ ಹೇಳಿಕೊಡುವಾಗ ಕನೆಕ್ಷನ್ ವಿಷಯ ಬಂದರೆ “ಅದನ್ನ ಜ್ಯಾಂಗೋ ನೋಡ್ಕೊಳುತ್ತೆ” ಎಂದು ಮುಂದಿನ ಸ್ಲೈಡಿಗೆ ಹೋಗುತ್ತಿದ್ದೆ. ಯಾರಾದರೂ ಹೇಗೆ ಎಂದು ಕೇಳಿದ್ದರೆ ಉತ್ತರ ನನ್ನಲ್ಲಿರಲಿಲ್ಲ. ಯಾರೂ ಕೇಳಲಿಲ್ಲ, ಆ ಹುಡುಗಿಯ ಹೊರತು.

ಅದು ನೋಡಿಕೊಳ್ಳುವ ರೀತಿ ನಿಜಕ್ಕೂ ಶಿಸ್ತಿನದ್ದು. ರಿಕ್ವೆಸ್ಟ್ ಒಳಗೆ ಮೊದಲ ಪ್ರಶ್ನೆ ಬಂದಾಗ ಕನೆಕ್ಷನ್ ತೆರೆಯುತ್ತದೆ, ರಿಕ್ವೆಸ್ಟ್ ಮುಗಿದಾಗ ಮುಚ್ಚುತ್ತದೆ. ತಂದಿದ್ದನ್ನು ಕೊಟ್ಟುಬಿಡುತ್ತದೆ. ತೊಂದರೆ ಎಂದರೆ ಪ್ರತಿ ಸಲ ತೆರೆಯುವುದಕ್ಕೆ ಹೊತ್ತು ಹಿಡಿಯುತ್ತದೆ. ಪೋಸ್ಟ್‌ಗ್ರೆಸ್ ಪ್ರತಿಯೊಂದು ಕನೆಕ್ಷನ್‌ಗೂ ಒಂದು ಪ್ರತ್ಯೇಕ ಪ್ರೋಸೆಸ್ ಹುಟ್ಟಿಸುತ್ತದೆ; ಜಾಲದ ಕೈಕುಲುಕಾಟ, ಪಾಸ್‌ವರ್ಡ್ ತಪಾಸಣೆ, ಅದಕ್ಕೊಂದಿಷ್ಟು ಮೆಮೊರಿ. ಅದಕ್ಕೇ 2013ರಲ್ಲಿ ಬಂದ ಜ್ಯಾಂಗೋ 1.6ರಲ್ಲಿ ‘ಕಾನ್ ಮ್ಯಾಕ್ಸ್ ಏಜ್’ ಎಂಬ ಸೆಟ್ಟಿಂಗ್ ಸೇರಿಸಿದರು. ಕನೆಕ್ಷನ್ ಎಷ್ಟು ಸೆಕೆಂಡ್ ಜೀವ ಹಿಡಿದಿರಬೇಕು ಎಂಬ ಲೆಕ್ಕ ಅದು. ಏನೂ ಹೇಳದಿದ್ದರೆ ಸೊನ್ನೆ, ಅಂದರೆ ಹಳೆಯ ಶಿಸ್ತೇ. ‘ನನ್’ ಎಂದು ಕೊಟ್ಟರೆ ಕೊನೆಯೇ ಇಲ್ಲ.

ನಾನು ‘ನನ್’ ಕೊಟ್ಟೆ. ಎಲ್ಲೋ ಓದಿದ್ದೆ, ಪುಟಗಳು ಬೇಗ ತೆರೆಯುತ್ತವೆ ಎಂದು. ತೆರೆದವು ಕೂಡ. ಮ್ಯಾನೇಜರ್ ಮೆಚ್ಚಿದರು. ಅದೇ ದಾಖಲೆಯಲ್ಲಿ, ಅದೇ ಪುಟದಲ್ಲಿ ಇನ್ನೊಂದು ಮಾತಿತ್ತು: ಪ್ರತಿ ಥ್ರೆಡ್, ಅಂದರೆ ಒಂದೇ ಪ್ರೋಸೆಸ್ ಒಳಗೆ ಜೊತೆಜೊತೆಗೆ ಓಡುವ ಪ್ರತಿ ಎಳೆ, ತನ್ನದೇ ಕನೆಕ್ಷನ್ ಇಟ್ಟುಕೊಳ್ಳುತ್ತದೆ, ಆದ್ದರಿಂದ ನಿಮ್ಮಲ್ಲಿ ಎಷ್ಟು ಥ್ರೆಡ್‌ಗಳಿವೆಯೋ ಕನಿಷ್ಠ ಅಷ್ಟು ಕನೆಕ್ಷನ್‌ಗಳನ್ನು ಡೇಟಾಬೇಸ್ ತಾಳಿಕೊಳ್ಳಬೇಕು. ಅದನ್ನು ನಾನು ಓದಿರಲಿಲ್ಲ. ಅಥವಾ ಕಣ್ಣು ಹಾಯಿಸಿ, ಕೂಡಿ ನೋಡದೆ ದಾಟಿದ್ದೆ.

ಆ ಕೂಡುವ ಲೆಕ್ಕವನ್ನು ಈಗ ಮಾಡುತ್ತೇನೆ. ನಮ್ಮಲ್ಲಿ ಎರಡು ಸರ್ವರ್. ಒಂದೊಂದಕ್ಕೂ ನಾಲ್ಕು ಕೋರ್. ಜ್ಯಾಂಗೋ ಕೋಡನ್ನು ಓಡಿಸುವ ಗುನಿಕಾರ್ನ್ ಹೇಳುವ ವಾಡಿಕೆಯ ಸೂತ್ರ, ಕೋರಿನ ಎರಡರಷ್ಟು ಮತ್ತೊಂದು, ಅಂದರೆ 9 ವರ್ಕರ್ ಪ್ರೋಸೆಸ್. ಪ್ರತಿ ವರ್ಕರ್‌ಗೆ ನಾನು 4 ಥ್ರೆಡ್ ಕೊಟ್ಟಿದ್ದೆ. 36. ಎರಡು ಸರ್ವರ್ ಸೇರಿ 72. ಹಿನ್ನೆಲೆ ಕೆಲಸ ಮಾಡುವ ಸೆಲರಿ ಪ್ರೋಸೆಸ್‌ಗಳು 16. ಒಟ್ಟು 88. ಪೋಸ್ಟ್‌ಗ್ರೆಸ್ ಬಂದಾಗಲೇ ಹಾಕಿಕೊಂಡು ಬರುವ ಮಿತಿ 100. ಅದರಲ್ಲಿ 3 ಜಾಗ ಸೂಪರ್‌ಯೂಸರ್‌ಗೆ ಮೀಸಲು. ನಮಗೆ ಸಿಗುವುದು 97. ಎಂಟೊಂಬತ್ತು ಜಾಗದ ಅಂಚಿನಲ್ಲಿ ನಾವು ತಿಂಗಳುಗಟ್ಟಲೆ ನಡೆದಿದ್ದೆವು. ಮೂರನೇ ತರಗತಿಯ ಹುಡುಗ ಮಾಡುವ ಕೂಡುವ ಲೆಕ್ಕ ಇದು. ಪಗಾರದ ಸ್ಲಿಪ್ ಬಂದಾಗ ಒಂದೊಂದು ರೂಪಾಯಿ ಕೂಡಿ ನೋಡುತ್ತಿದ್ದವನು ನಾನು. ಇದನ್ನು ಕೂಡಿ ನೋಡಲಿಲ್ಲ.

ಕಡೆಯ ದಿನ ಸಂಜೆ ಏಳೂವರೆಗೆ ಪುಟಗಳು ನಿಧಾನವಾದವು. ಜನ ಹೆಚ್ಚಾಗಿದ್ದಾರೆ, ಇನ್ನೊಂದು ಸರ್ವರ್ ಸೇರಿಸೋಣ ಎಂದೆ. ಸೇರಿಸಿದ್ದು ನಾನೇ. ಅದರ ಜೊತೆ ಮತ್ತೆ 36 ಥ್ರೆಡ್ ಬಂದವು. 88ಕ್ಕೆ 36 ಸೇರಿ 124. ನೆರವಿಗೆ ಅಂತ ಕರೆತಂದವನೇ ಬಾಗಿಲಿಗೆ ಅಡ್ಡ ನಿಂತ. ಹತ್ತು ನಿಮಿಷದೊಳಗೆ ಕೆಂಪು ಸಾಲುಗಳು ಶುರುವಾದವು: ಉಳಿದ ಕನೆಕ್ಷನ್ ಜಾಗಗಳು ಸೂಪರ್‌ಯೂಸರ್‌ಗೆ ಮೀಸಲು, ನಿಮಗಿಲ್ಲ.

ಪುಟಗಳು ಮೊದಲು ನಿಧಾನವಾದದ್ದೇಕೆ? ನನ್ನ ದೊಡ್ಡ ತಪ್ಪು ಇರುವುದು ಅಲ್ಲಿ.

ಹಾಸನದಲ್ಲಿ ಓದುತ್ತಿದ್ದಾಗ ಭಾನುವಾರ ಸಂಜೆ ಬೆಂಗಳೂರಿಗೆ ಬರುವ ಬಸ್ಸು ಬಸ್ ಸ್ಟ್ಯಾಂಡಿಗೆ ತಿರುಗುವ ಮೊದಲೇ ಹುಡುಗರು ಅದರ ಜೊತೆ ಓಡುತ್ತಿದ್ದರು. ಕಿಟಕಿಯಿಂದ ಕೈ ಹಾಕಿ ಟವೆಲ್ಲೋ ಕರ್ಚೀಫೋ ಸೀಟಿನ ಮೇಲೆ ಎಸೆದರೆ ಸೀಟು ಅವರದ್ದು. ಆಮೇಲೆ ನಿಧಾನಕ್ಕೆ ಟೀ ಕುಡಿದು, ಹರಟೆ ಹೊಡೆದು ಬರುತ್ತಿದ್ದರು. ಅಷ್ಟು ಹೊತ್ತು ಮಗುವನ್ನು ಎತ್ತಿಕೊಂಡ ಹೆಂಗಸು ಖಾಲಿ ಸೀಟಿನ ಪಕ್ಕ ನಿಂತಿರುತ್ತಿದ್ದಳು. ಸೀಟು ಖಾಲಿ, ಆದರೆ ಕೂರುವ ಹಾಗಿಲ್ಲ. ಆ ಟವೆಲ್ ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು.

ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ ಈ ಕ್ಷಣ ಏನು ಮಾಡುತ್ತಿದೆ ಎಂದು ತೋರಿಸುವ ಒಂದು ಪಟ್ಟಿ ಇದೆ, ‘ಪಿಜಿ ಸ್ಟ್ಯಾಟ್ ಆಕ್ಟಿವಿಟಿ’. ಅದರಲ್ಲಿ ಸ್ಥಿತಿಯ ಕಾಲಂ. ‘ಆಕ್ಟಿವ್’ ಎಂದರೆ ದುಡಿಯುತ್ತಿದೆ ಇಲ್ಲವೇ ಬೀಗಕ್ಕೆ ಕಾಯುತ್ತಿದೆ. ‘ಐಡಲ್’ ಎಂದರೆ ಸುಮ್ಮನಿದೆ. ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದರೆ ಟವೆಲ್ ಹಾಕಿದ ಸೀಟು: ಕೆಲಸ ಶುರು ಮಾಡಿದೆ, ಬೀಗ ಹಾಕಿಕೊಂಡಿದೆ, ಮುಗಿಸಿಲ್ಲ, ಈಗ ಬೇರೆಲ್ಲೋ ಹೋಗಿದೆ.

ಆ ಟವೆಲ್ ಹಾಕುವ ಕೋಡ್ ಬರೆದವನು ನಾನು. ವಿದ್ಯಾರ್ಥಿ ಪೇಮೆಂಟ್ ಗೇಟ್‌ವೇ ಪುಟದಲ್ಲಿ ದುಡ್ಡು ಕಟ್ಟಿ ನಮ್ಮ ಪುಟಕ್ಕೆ ವಾಪಸ್ ಬರುತ್ತಾನೆ. ಆಗ ನನ್ನ ಕೋಡ್ ಒಂದು ಟ್ರಾನ್ಸಾಕ್ಷನ್ ತೆರೆದು, ಆ ಹಾಸ್ಟೆಲಿನ ಸೀಟು ಲೆಕ್ಕದ ಸಾಲಿಗೆ ಬೀಗ ಹಾಕುತ್ತಿತ್ತು. ಬೀಗ ಹಾಕಿದ ಮೇಲೆ ಗೇಟ್‌ವೇ ಸರ್ವರಿಗೆ ಕೇಳುತ್ತಿತ್ತು: ಈ ದುಡ್ಡು ನಿಜವಾಗಿ ಬಂತಾ? ಹೌದು ಎಂದರೆ ಸೀಟು ಕೊಟ್ಟು, ರಸೀದಿ ಬರೆದು, ಟ್ರಾನ್ಸಾಕ್ಷನ್ ಮುಗಿಸಿ, ಬೀಗ ತೆಗೆಯುತ್ತಿತ್ತು. ಮಾಮೂಲಿ ದಿನ ಗೇಟ್‌ವೇ ಅರ್ಧ ಸೆಕೆಂಡಿನಲ್ಲಿ ಉತ್ತರ ಕೊಡುತ್ತಿತ್ತು. ಅವತ್ತು ಇಪ್ಪತ್ತು ಸೆಕೆಂಡ್, ಕೆಲವಕ್ಕೆ ಉತ್ತರವೇ ಇಲ್ಲ. ನಾವು ಬಳಸಿದ್ದ ರಿಕ್ವೆಸ್ಟ್ಸ್ ಲೈಬ್ರರಿಗೆ ಇಷ್ಟು ಹೊತ್ತು ಮಾತ್ರ ಕಾಯಿ ಎಂದು ಹೇಳದಿದ್ದರೆ ಅದು ತಾನಾಗಿ ಕೈಬಿಡುವುದಿಲ್ಲ. ನಾನು ಹೇಳಿರಲಿಲ್ಲ. ಮೊದಲು ಸಾದಾ ವರ್ಕರ್ ಇದ್ದಾಗ 30 ಸೆಕೆಂಡ್ ಮೀರಿದ ರಿಕ್ವೆಸ್ಟನ್ನು ಗುನಿಕಾರ್ನ್ ವರ್ಕರ್ ಸಮೇತ ಕೊಂದುಹಾಕುತ್ತಿತ್ತು. ಥ್ರೆಡ್‌ಗೆ ಬದಲಾಯಿಸಿದ ಮೇಲೆ ಆ ಗಡುವು ಒಂದೊಂದು ರಿಕ್ವೆಸ್ಟಿಗೆ ಅನ್ವಯಿಸುವುದಿಲ್ಲ. ವರ್ಕರ್ ಉಸಿರಾಡುತ್ತಿದೆಯೇ ಎಂದಷ್ಟೇ ಅದು ನೋಡುತ್ತದೆ. ಅದೂ ನನಗೆ ಗೊತ್ತಿರಲಿಲ್ಲ. ಇದ್ದ ಒಂದೇ ಕಾವಲನ್ನು, ಕಾವಲು ಅಂತ ತಿಳಿಯದೆ, ನಾನೇ ತೆಗೆದುಹಾಕಿದ್ದೆ.

ನಾಲ್ಕು ಹಾಸ್ಟೆಲ್. ನಾಲ್ಕು ಸಾಲಿಗೆ ನಾಲ್ಕು ಬೀಗ. ಒಂದೊಂದರ ಹಿಂದೆ ದುಡ್ಡು ಕಟ್ಟಿ ಬಂದ ಹುಡುಗ ಹುಡುಗಿಯರ ಸರತಿ. ಪ್ರತಿಯೊಬ್ಬರೂ ಒಂದು ಥ್ರೆಡ್, ಒಂದು ಕನೆಕ್ಷನ್ ಹಿಡಿದು ನಿಂತಿದ್ದರು. ಹೊಸದಾಗಿ ಬಂದವರಿಗೆ ಲಾಗಿನ್ ಆಗಲೂ ಜಾಗವಿಲ್ಲ.

ಆಮೇಲೆ ಓದಿಕೊಂಡಾಗ ಲಿಟಲ್ ಸೂತ್ರ ಎಂಬುದು ಸಿಕ್ಕಿತು. ಜಾನ್ ಲಿಟಲ್ 1961ರಲ್ಲಿ ಅದನ್ನು ಸಾಧಿಸಿ ತೋರಿಸಿದ. ಒಳಗಿರುವವರ ಸಂಖ್ಯೆ ಎಂದರೆ, ಸೆಕೆಂಡಿಗೆ ಬರುವವರನ್ನು ಒಬ್ಬೊಬ್ಬರು ಒಳಗಿರುವ ಹೊತ್ತಿನಿಂದ ಗುಣಿಸಿದ್ದು. ಸೆಕೆಂಡಿಗೆ 100 ಪ್ರಶ್ನೆ ಬಂದು, ಒಂದೊಂದೂ 0.03 ಸೆಕೆಂಡ್ ತೆಗೆದುಕೊಂಡರೆ ಸರಾಸರಿ ಬೇಕಾಗುವುದು 3 ಕನೆಕ್ಷನ್. ಬರೀ ಮೂರು! ಅದೇ ಸೆಕೆಂಡಿಗೆ 3 ಪೇಮೆಂಟ್ ಬಂದು ಒಂದೊಂದೂ 20 ಸೆಕೆಂಡ್ ಕೂತರೆ 60. ಜನ ಹೆಚ್ಚಾಗಿದ್ದರು ಎಂದು ನಾನು ಎಲ್ಲರಿಗೂ ಹೇಳಿದ್ದೆ. ಜನರ ತಪ್ಪಿರಲಿಲ್ಲ. ಒಬ್ಬೊಬ್ಬರನ್ನೂ ನಾನು ಒಳಗೆ ಕೂರಿಸಿಕೊಂಡ ಹೊತ್ತು ಹೆಚ್ಚಾಗಿತ್ತು.

ಯಾಕೆ ಹಾಗೆ ಬರೆದೆ? ಭದ್ರತೆಗಾಗಿ ಅಂದುಕೊಂಡಿದ್ದೆ. ಟ್ರಾನ್ಸಾಕ್ಷನ್ ಎಂದರೆ ಎಲ್ಲವೂ ಆಗಬೇಕು, ಇಲ್ಲವೇ ಏನೂ ಆಗಬಾರದು. ದುಡ್ಡಿನ ವಿಚಾರ, ಎಲ್ಲವನ್ನೂ ಅದರೊಳಗೆ ಸುತ್ತಿಟ್ಟರೆ ಕ್ಷೇಮ ಎಂಬ ನಂಬಿಕೆ. ಆದರೆ ನನ್ನ ಡೇಟಾಬೇಸು ತನ್ನೊಳಗಿನದನ್ನು ಮಾತ್ರ ಹಿಂದಕ್ಕೆ ತಿರುಗಿಸಬಲ್ಲದು. ಬ್ಯಾಂಕಿನಿಂದ ಹೋದ ದುಡ್ಡಿಗೆ ನನ್ನ ಟ್ರಾನ್ಸಾಕ್ಷನ್ ಇರುವುದೇ ಗೊತ್ತಿಲ್ಲ. ನಾನು ಕೊಟ್ಟಿದ್ದು ಭದ್ರತೆಯ ತೋರಿಕೆ. ಇದನ್ನು ಆ ಹುಡುಗಿ ಎರಡು ವಾರ ಮುಂಚೆಯೇ ಕೇಳಿದ್ದಳು. ನನ್ನ ಟೇಬಲ್ ಹತ್ತಿರ ಲ್ಯಾಪ್‌ಟಾಪ್ ತಂದು, ಆ ಸಾಲನ್ನು ತೋರಿಸಿ, “ಸರ್, ಒಂದು ಡೌಟು. ಈ ಗೇಟ್‌ವೇ ಕಾಲ್ ಟ್ರಾನ್ಸಾಕ್ಷನ್ ಒಳಗೆ ಯಾಕಿದೆ? ಅದು ಲೇಟ್ ಆದ್ರೆ?” ಎಂದಳು.

“ದುಡ್ಡಿನ ಕೋಡಮ್ಮ ಅದು, ಒಳಗೇ ಇರಬೇಕು. ನೀನು ನಿನ್ನ ಪಿಡಿಎಫ್ ಮುಗಿಸು” ಎಂದೆ.

ಆ ಮಾತು ಹೇಳಿದಾಗ ಎದೆಯಲ್ಲಿ ಒಂದು ಸಣ್ಣ ಅಳುಕು ಹಾದುಹೋದದ್ದು ನನಗೆ ಇವತ್ತಿಗೂ ನೆನಪಿದೆ. ಅವಳು ಕೇಳಿದ್ದು ಸರಿ ಇರಬಹುದು ಎಂದು ಅನಿಸಿತ್ತು. ಅನಿಸಿದ್ದಕ್ಕೇ ಸ್ವರ ಏರಿತು. ಗೊತ್ತಿಲ್ಲದ್ದಕ್ಕಿಂತ, ಗೊತ್ತಿಲ್ಲ ಎಂದು ಅವಳಿಗೆ ತಿಳಿದುಬಿಡುತ್ತದೆ ಎಂಬುದಕ್ಕೆ ನಾನು ಹೆದರಿದೆ.

ಮತ್ತೆ ಆ ರಾತ್ರಿಗೆ. ನಾನು ಸೂಪರ್‌ಯೂಸರ್ ಆಗಿ ಡೇಟಾಬೇಸ್ ಒಳಗೆ ಹೋದೆ. ಮೀಸಲಿಟ್ಟ ಆ ಮೂರು ಜಾಗದಲ್ಲಿ ಒಂದರಲ್ಲಿ. ಆ ಮೂರು ಜಾಗ ಇಟ್ಟಿರುವುದೇ ಇಂಥ ಹೊತ್ತಿನಲ್ಲಿ ಒಬ್ಬರು ಒಳಗೆ ಬಂದು ನೋಡಲಿ ಎಂದು. ಒಂದು ಸಾಲಿನ ಪ್ರಶ್ನೆ ಕೇಳಿದ್ದರೆ ಇಡೀ ಚಿತ್ರ ಎದುರಿಗೆ ಬರುತ್ತಿತ್ತು: ನಾಲ್ಕು ‘ಐಡಲ್ ಇನ್ ಟ್ರಾನ್ಸಾಕ್ಷನ್’, ಅವುಗಳ ಹಿಂದೆ ಬೀಗಕ್ಕೆ ಕಾಯುತ್ತಿರುವವರ ಸಾಲು. ಆ ನಾಲ್ಕನ್ನು ಮಾತ್ರ ಬಿಡಿಸಿ ನೋಡಬಹುದಿತ್ತು. ನಾನು ಒಳಗೆ ಹೋದೆ, ಆದರೆ ನೋಡಲಿಲ್ಲ. 100 ಇದ್ದದ್ದನ್ನು 500 ಮಾಡಿದೆ. ಆ ಸಂಖ್ಯೆ ಬದಲಾಗಬೇಕಾದರೆ ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಆಗಬೇಕು. ಮಾಡಿದೆ. ಸರ್ವರ್‌ಗಳನ್ನೂ ರೀಸ್ಟಾರ್ಟ್ ಮಾಡಿದೆ.

ಎಲ್ಲ ಸರಿಯಾಯಿತು. ಪುಟಗಳು ತೆರೆದವು. ಪಕ್ಕದಲ್ಲಿದ್ದವರು ಬೆನ್ನು ತಟ್ಟಿದರು. ಸರಿಯಾದದ್ದು 500ರಿಂದ ಎಂದು ನಾನೂ ನಂಬಿದೆ. ನಿಜವಾಗಿ ಆದದ್ದು ಇಷ್ಟು: ರೀಸ್ಟಾರ್ಟ್ ಮಾಡಿದಾಗ ಎಲ್ಲ ಕನೆಕ್ಷನ್ ಕತ್ತರಿಸಿಹೋದವು, ಎಲ್ಲ ಬೀಗ ಬಿಚ್ಚಿದವು, ಮುಗಿಯದ ಟ್ರಾನ್ಸಾಕ್ಷನ್‌ಗಳೆಲ್ಲ ಅಳಿಸಿಹೋದವು. ಸರತಿಯಲ್ಲಿ ನಿಂತಿದ್ದ ಅಷ್ಟೂ ಮಂದಿ ದುಡ್ಡು ಕಟ್ಟಿದ್ದವರು. ಅವರು ಬಂದಿದ್ದರು ಎಂಬುದಕ್ಕೆ ನಮ್ಮಲ್ಲಿ ಒಂದು ಗುರುತೂ ಉಳಿಯಲಿಲ್ಲ. ಗೇಟ್‌ವೇ ತಾನಾಗಿ ಕಳಿಸುವ ಸೂಚನೆಯನ್ನು, ಅಂದರೆ ವೆಬ್‌ಹುಕ್ಕನ್ನು, ನಾವು ಆಗ ಜೋಡಿಸಿರಲಿಲ್ಲ. ಅವರ ಬ್ಯಾಂಕಿನ ಮೆಸೇಜು ಮಾತ್ರ ಸಾಕ್ಷಿ. ಅರವತ್ತಮೂರು ಜನ.

ಆ ಅರವತ್ತಮೂರು ಜನರ ಪಟ್ಟಿಯನ್ನು ಮಾಡಿದ್ದು ಆ ಹುಡುಗಿ. ರಾತ್ರಿ ಹನ್ನೊಂದರವರೆಗೆ ಫೋನ್ ಎತ್ತಿ, ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಳು: ಹೆಸರು, ಅರ್ಜಿ ಸಂಖ್ಯೆ, ಬ್ಯಾಂಕ್ ಮೆಸೇಜಿನ ನಂಬರ್, ಊರು. ಸಿಂಧನೂರು, ಹರಪನಹಳ್ಳಿ, ಕೊಳ್ಳೇಗಾಲ, ಶಿರಸಿ. ಅವಳು ಬರೆಯುತ್ತಿದ್ದಾಗ ಆಚೆ ಮೇಜಿನಲ್ಲಿ ನಾನು ಪಿಜ್ಜಾ ತಿನ್ನುತ್ತಿದ್ದೆ.

ಮರುದಿನ ವರದಿ ಕೇಳಿದರು. ಏನಾಯಿತು, ಏಕಾಯಿತು, ಮುಂದೇನು. ನಾನು ಬರೆದೆ: ಕಡೆಯ ದಿನದ ಒತ್ತಡಕ್ಕೆ 100 ಕನೆಕ್ಷನ್ ಮಿತಿ ಸಾಲಲಿಲ್ಲ. ಇದರ ಜೊತೆಗೆ, ಇತ್ತೀಚೆಗೆ ಸೇರಿಸಿದ ಪಿಡಿಎಫ್ ಕೆಲಸ ಹತ್ತು ಥ್ರೆಡ್‌ಗಳನ್ನು ತೆರೆಯುತ್ತದೆ, ಅವು ಹೆಚ್ಚುವರಿ ಕನೆಕ್ಷನ್ ಹಿಡಿದಿದ್ದು ಒಂದು ಕಾರಣ. ಮಿತಿಯನ್ನು 500ಕ್ಕೆ ಏರಿಸಲಾಗಿದೆ.

ಪಿಡಿಎಫ್ ಕೆಲಸ ಅವಳದ್ದು. ವರದಿಯಲ್ಲಿ ಅವಳ ಹೆಸರಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ವರದಿ ಚರ್ಚಿಸಿದ ಸಭೆಯಲ್ಲಿದ್ದ ಏಳು ಜನಕ್ಕೂ ಅದು ಯಾರ ಕೆಲಸ ಎಂದು ಗೊತ್ತಿತ್ತು. ಮೂರನೇ ಸರ್ವರ್ ಸೇರಿಸಿದ್ದನ್ನು ನಾನು ಬರೆಯಲಿಲ್ಲ. ಗೇಟ್‌ವೇ ಕಾಲ್ ಬಗ್ಗೆ ಬರೆಯಲಿಲ್ಲ. ಆ ಹತ್ತು ಥ್ರೆಡ್‌ಗಳು ನಿಜಕ್ಕೂ ಕನೆಕ್ಷನ್ ಹಿಡಿದಿದ್ದವೇ ಎಂದು ನೋಡಲಿಲ್ಲ. ಹಿಡಿದಿರುತ್ತವೆ ಎಂದು ಬರೆದೆ. ಸಭೆಯಲ್ಲಿ ಅವಳು ಏನಾದರೂ ಹೇಳುತ್ತಾಳೆ ಎಂದು ಕಾದೆ. ಅವಳು ತನ್ನ ನೋಟ್‌ಬುಕ್ಕಿನ ಅಂಚನ್ನು ಮಡಿಸಿ ಬಿಚ್ಚುತ್ತಾ ಕೂತಿದ್ದಳು. ಸೆಪ್ಟೆಂಬರಿನಲ್ಲಿ ಕೆಲಸ ಬಿಟ್ಟಳು. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿದೆ ಎಂದಳು. ನಾನು ಶುಭಾಶಯ ಹೇಳಿದೆ.

ಡಿಸೆಂಬರಿನಲ್ಲಿ ಮತ್ತೆ ಹಾಗೇ ಆಯಿತು. ಈ ಸಲ ಕೆಂಪು ಸಾಲೂ ಇಲ್ಲ. 500 ಜಾಗ ಇದ್ದುದರಿಂದ ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ಎಲ್ಲರೂ ಒಳಗೆ ಬಂದು, ಬೀಗದ ಮುಂದೆ ಸದ್ದಿಲ್ಲದೆ ನಿಂತರು. ಮಿತಿ ಇದ್ದಾಗ ಡೇಟಾಬೇಸ್ ಕೂಗಿ ಹೇಳುತ್ತಿತ್ತು, ನಾನು ಅದರ ಬಾಯಿ ಕಟ್ಟಿದ್ದೆ. ಅವತ್ತು ಬೇರೆ ದಾರಿಯಿಲ್ಲದೆ ಆ ಪಟ್ಟಿ ತೆರೆದು ನೋಡಿದೆ. ಮೇಲೆ ನಾಲ್ಕು ಸಾಲು ‘ಐಡಲ್ ಇನ್ ಟ್ರಾನ್ಸಾಕ್ಷನ್’. ಪಕ್ಕದ ಕಾಲಂನಲ್ಲಿ ಆ ಕನೆಕ್ಷನ್ ಕೇಳಿದ ಕೊನೆಯ ಪ್ರಶ್ನೆ: ಹಾಸ್ಟೆಲ್ ಸೀಟಿನ ಸಾಲು, ಕೊನೆಯಲ್ಲಿ ‘ಫಾರ್ ಅಪ್‌ಡೇಟ್’. ನಾಲ್ಕರಲ್ಲೂ ಅದೇ. ಅದನ್ನು ಬರೆದವರು ಯಾರು ಎಂದು ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ತೆಗೆದರೆ ಪ್ರತಿ ಸಾಲಿನ ಎಡಕ್ಕೂ ನನ್ನ ಹೆಸರು. ಆ ಆಜ್ಞೆಯ ಹೆಸರೇ ‘ಬ್ಲೇಮ್’.

ಆಮೇಲೆ ಪಿಡಿಎಫ್ ಕೋಡ್ ತೆರೆದೆ. ನೋಡಬಾರದಿತ್ತು ಅನಿಸಿತು, ಆದರೂ ತೆರೆದೆ. ಜ್ಯಾಂಗೋ ರಿಕ್ವೆಸ್ಟಿನ ಶುರುವಿನಲ್ಲೂ ಕೊನೆಯಲ್ಲೂ ಹಳೆಯ ಕನೆಕ್ಷನ್‌ಗಳನ್ನು ಗುಡಿಸುತ್ತದೆ. ಆದರೆ ನಾವೇ ಹುಟ್ಟಿಸಿದ ಥ್ರೆಡ್‌ಗೆ ರಿಕ್ವೆಸ್ಟ್ ಎಂಬುದೇ ಇಲ್ಲ. ಅಲ್ಲಿ ತೆರೆದ ಕನೆಕ್ಷನ್ ಮುಚ್ಚುವವರು ಯಾರೂ ಇಲ್ಲ. ಹತ್ತು ವರ್ಷದ ಅನುಭವವಿದ್ದ ನನಗೆ ಇದು ಆ ಡಿಸೆಂಬರಿನಲ್ಲಿ ತಿಳಿಯಿತು. ಅವಳ ಕೋಡಿನಲ್ಲಿ, ಥ್ರೆಡ್ ಮಾಡುವ ಕೆಲಸದ ಕೊನೆಗೆ, ‘ಫೈನಲಿ’ ಎಂಬುದರ ಕೆಳಗೆ ಒಂದೇ ಸಾಲು: ಕನೆಕ್ಷನ್ ಡಾಟ್ ಕ್ಲೋಸ್. ಅದರ ಮೇಲೆ ಒಂದು ಟಿಪ್ಪಣಿ. ಈ ಥ್ರೆಡ್‌ಗೆ ರಿಕ್ವೆಸ್ಟ್ ಇಲ್ಲ, ನಾವೇ ಮುಚ್ಚಬೇಕು ಎಂಬ ಅರ್ಥದ್ದು. ಮೇ ತಿಂಗಳ ತಾರೀಕು. ನಾನು ವರದಿ ಬರೆಯುವುದಕ್ಕೆ ಒಂದು ತಿಂಗಳ ಮುಂಚೆ.

ಅವಳ ಹತ್ತು ಥ್ರೆಡ್‌ಗಳು ಏನನ್ನೂ ಹಿಡಿದಿಟ್ಟುಕೊಂಡಿರಲಿಲ್ಲ. ಇಡೀ ಕೋಡಿನಲ್ಲಿ ತಂದಿದ್ದನ್ನು ಲೆಕ್ಕವಿಟ್ಟು ಹಿಂದಿರುಗಿಸಿದ್ದ ಒಂದೇ ಜಾಗ ಅದು.

ಜೂನಿನಲ್ಲಿ ಬರೆದ ವರದಿಗೆ ಅಜ್ಞಾನ ಎಂದು ಹೆಸರಿಡಬಹುದೇನೋ. ಡಿಸೆಂಬರಿನಲ್ಲಿ ಮಾಡಿದ್ದಕ್ಕೆ ಆ ಹೆಸರೂ ಒಪ್ಪುವುದಿಲ್ಲ. ಗೇಟ್‌ವೇ ಕಾಲನ್ನು ಟ್ರಾನ್ಸಾಕ್ಷನ್‌ನಿಂದ ಹೊರಗೆ ತಂದೆ. ದುಡ್ಡು ಕಟ್ಟಿ ಬಂದ ಕ್ಷಣವೇ ಒಂದು ಸಣ್ಣ ಟ್ರಾನ್ಸಾಕ್ಷನ್‌ನಲ್ಲಿ ‘ಇವರು ಬಂದಿದ್ದಾರೆ’ ಎಂದು ಬರೆದಿಡುವುದು. ಆಮೇಲೆ ಯಾವ ಬೀಗವೂ ಇಲ್ಲದೆ, ಐದು ಸೆಕೆಂಡಿನ ಗಡುವಿಟ್ಟು ಗೇಟ್‌ವೇಗೆ ಕೇಳುವುದು. ಉತ್ತರ ಬಂದ ಮೇಲೆ ಬೀಗ ಹಾಕಿ, ಸೀಟು ಬರೆದು, ತಕ್ಷಣ ಬಿಡುವುದು. ಎಂಬತ್ತು ಸಾಲಿನ ಬದಲಾವಣೆ. ಅದಕ್ಕೆ ಬರೆದ ಕಮಿಟ್ ಮೆಸೇಜ್: ಸಣ್ಣಪುಟ್ಟ ಸ್ವಚ್ಛತೆ. ಯಾರೂ ತಿರುಗಿ ನೋಡದ ಹಾಗೆ ಆ ಪದಗಳನ್ನು ಆರಿಸಿಕೊಂಡೆ. ವರದಿಯ ಕಡತ ಅಲ್ಲೇ ಇತ್ತು, ತಿದ್ದುವ ಅಧಿಕಾರ ನನಗಿತ್ತು. ತಿದ್ದಲಿಲ್ಲ. ಹೇಗೂ ಅವಳು ಬಿಟ್ಟುಹೋಗಿದ್ದಾಳಲ್ಲ ಎಂದುಕೊಂಡೆ.

ಮುಂದಿನ ವರ್ಷಗಳಲ್ಲಿ ನಾನು ಈ ವಿಷಯವನ್ನು ಬಹಳ ಓದಿದೆ, ಬಹುಶಃ ಬೇರೆ ಯಾವ ವಿಷಯಕ್ಕಿಂತ ಹೆಚ್ಚು. ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನಿರುವ ಕನೆಕ್ಷನ್ನನ್ನು ಇಷ್ಟು ಹೊತ್ತಾದ ಮೇಲೆ ಕಡಿದುಹಾಕು ಎಂದು ಪೋಸ್ಟ್‌ಗ್ರೆಸ್‌ಗೆ ಹೇಳಬಹುದು, 2016ರ 9.6ರಿಂದಲೇ ಆ ಸೌಲಭ್ಯವಿದೆ. ಅದಕ್ಕೆ ಹತ್ತು ಸೆಕೆಂಡ್ ಕೊಟ್ಟೆ. 500ನ್ನು ಮತ್ತೆ 100ಕ್ಕೆ ಇಳಿಸಿದೆ. ನಡುವೆ ಪಿಜಿಬೌನ್ಸರ್ ಕೂರಿಸಿದೆ. ಸ್ಕೈಪ್‌ನವರು 2007ರಲ್ಲಿ ಹೊರತಂದ ಸಣ್ಣ ಪ್ರೋಗ್ರಾಂ ಅದು. ನೂರಾರು ಥ್ರೆಡ್‌ಗಳು ಅದರ ಹತ್ತಿರ ಬರುತ್ತವೆ, ಅದು ಹಿಂದೆ ಇಪ್ಪತ್ತೇ ನಿಜವಾದ ಕನೆಕ್ಷನ್ ಇಟ್ಟುಕೊಂಡು, ಒಂದೊಂದು ಟ್ರಾನ್ಸಾಕ್ಷನ್ ಹೊತ್ತಿಗೆ ಮಾತ್ರ ಕೊಟ್ಟು ವಾಪಸ್ ಪಡೆಯುತ್ತದೆ. ನಮ್ಮ ಇಡೀ ಪ್ರವೇಶ ಪ್ರಕ್ರಿಯೆ ಆ ಇಪ್ಪತ್ತರಲ್ಲಿ ನಡೆಯಿತು. ಮೊದಲ ವಾರ ದೊಡ್ಡ ವರದಿಗಳು ‘ಕರ್ಸರ್ ಇಲ್ಲ’ ಎಂದು ಬಿದ್ದವು: ಐಟರೇಟರ್ ಬಳಸಿದಾಗ ಜ್ಯಾಂಗೋ ಸರ್ವರಿನ ಕಡೆ ಒಂದು ಕರ್ಸರ್ ತೆರೆದಿಡುತ್ತದೆ, ಮುಂದಿನ ಕಂತು ತರಲು ಹೋದಾಗ ಕೈಗೆ ಬೇರೆ ಕನೆಕ್ಷನ್ ಸಿಕ್ಕಿರುತ್ತದೆ. ಅದನ್ನು ನಿಲ್ಲಿಸುವ ಸೆಟ್ಟಿಂಗ್ ಇದೆ. ಈ ಸಲ ಓದಿದ್ದೆ.

2024ರ ಆಗಸ್ಟಿನಲ್ಲಿ ಜ್ಯಾಂಗೋ 5.1 ಬಂದಾಗ ಪೋಸ್ಟ್‌ಗ್ರೆಸ್‌ಗೆ ಕನೆಕ್ಷನ್ ಪೂಲ್, ಅಂದರೆ ತೆರೆದ ಕನೆಕ್ಷನ್ ಕೂಡಿಟ್ಟು ಹಂಚುವ ವ್ಯವಸ್ಥೆ, ಅದರೊಳಗೇ ಬಂತು. ಹೊಸ ತಂಡದ ಹುಡುಗನೊಬ್ಬ ಖುಷಿಯಿಂದ ಓಡಿಬಂದು “ಸರ್, ಇನ್ನು ಜ್ಯಾಂಗೋನೇ ನೋಡ್ಕೊಳುತ್ತೆ” ಎಂದ. ನನ್ನದೇ ಮಾತು ನನ್ನ ಎದುರು ಬಂದು ನಿಂತಿತು. ಕೂತು ಇಬ್ಬರೂ ಲೆಕ್ಕ ಹಾಕಿದೆವು. ಆ ಪೂಲ್ ಇರುವುದು ಪ್ರೋಸೆಸ್ ಒಂದಕ್ಕೆ ಒಂದು. ಗಾತ್ರ ಹೇಳದಿದ್ದರೆ ಒಂದೊಂದೂ 4 ಕನೆಕ್ಷನ್ ಇಡುತ್ತದೆ. ಮೂರು ಸರ್ವರ್, 27 ವರ್ಕರ್, 108 ಕನೆಕ್ಷನ್. ಸಿಗುವುದು 97. ಅವನು ಪೆನ್ ಕೆಳಗಿಟ್ಟು, ಇದು ನಿಮಗೆ ಹೇಗೆ ಹೊಳೀತು ಸರ್ ಎಂದು ಕೇಳಿದ. ಆಗ ಅವನಿಗೆ ಸಿಂಧನೂರಿನ ಫೋನಿನಿಂದ ಶುರುಮಾಡಿ ಹೇಳತೊಡಗಿದೆ. ಪಿಡಿಎಫ್ ವಿಷಯ ಬಂದಾಗ ಬಾಯಿ ಕಟ್ಟಿತು. ಅಲ್ಲಿಗೇ ನಿಲ್ಲಿಸಿದೆ.

ಅದೇ ವಾರ ಅವಳ ನಂಬರ್ ಹುಡುಕಿ ಫೋನ್ ಮಾಡಿದೆ. ಐದು ವರ್ಷವಾಗಿತ್ತು. ಎಲ್ಲವನ್ನೂ ಹೇಳಿದೆ, ಕ್ಲೋಸ್ ಎಂಬ ಆ ಸಾಲು ನೋಡಿದ್ದನ್ನು, ನೋಡಿಯೂ ಸುಮ್ಮನಿದ್ದುದನ್ನು. ವರದಿಯನ್ನು ತಿದ್ದಿ, ತಾರೀಕು ಹಾಕಿ, ಆಗ ಸಭೆಯಲ್ಲಿದ್ದವರಲ್ಲಿ ವಿಳಾಸ ಸಿಕ್ಕಿದ ಐವರಿಗೆ ಕಳಿಸಿದ್ದೇನೆ ಎಂದೆ. ತಪ್ಪಾಯಿತು ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಎಲ್ಲೋ ಕುಕ್ಕರ್ ಕೂಗಿತು.

“ವರದಿ ನೆನಪಿದೆ ಸರ್. ಆಗ ಬೇಜಾರಾಗಿತ್ತು. ಆದ್ರೆ ನಂಗೆ ಜಾಸ್ತಿ ನೆನಪಿರೋದು ಆ ಸಿಂಧನೂರಿನವರು. ಅಷ್ಟರಲ್ಲಿ ಹಾಸ್ಟೆಲ್ ತುಂಬಿಬಿಟ್ಟಿತ್ತಲ್ಲ, ಸೀಟಿಲ್ಲ, ದುಡ್ಡು ವಾಪಸ್ ಬರುತ್ತೆ ಅಂತ ಹೇಳೋಕೆ ನೀವು ನಂಗೇ ಫೋನ್ ಮಾಡು ಅಂದಿದ್ರಿ.”

ನನಗೆ ಅದು ನೆನಪೇ ಇರಲಿಲ್ಲ.

“ಬೈತಾರೆ ಅನ್ಕೊಂಡಿದ್ದೆ ಸರ್. ಅವರು ಬೈಲೇ ಇಲ್ಲ. ಪೂರ್ತಿ ಕೇಳಿಸ್ಕೊಂಡು, ‘ಇರ್ಲಿ ಬಿಡವ್ವಾ, ಇದ್ರಾಗ ನಿನ್ನ ತಪ್ಪೇನದ’ ಅಂದ್ರು.”